ಮುಷ್ಟಿಯೊಳಗಿನ ಸೀಟಿ

ಆ ದಿನ ಬೆಳಿಗ್ಗೆ ಗಂಡ ಹೆಂಡತಿ ಟವೆಲ್ಲಿನ ವಿಷಯಕ್ಕೆ ಜಗಳವಾಡಿದರು. ಬಾಯಿ ತೆರೆಯದೆ ಆಡಿದರು. ಮಗ್ಗದ ಷೆಡ್ಡಿನಲ್ಲೇ ತಲೆ ನರೆತವರಿಗೆ ಜಗಳಕ್ಕೆ ಬಾಯಿ ಬೇಕಾಗುವುದಿಲ್ಲ. ಅವಳು ಟವೆಲ್ಲಿನ ಮೇಲೆ ಮೂಡಿದ್ದ ಗ್ರೀಸಿನ ಬೆರಳ ಗುರುತು ತೋರಿಸಿ ಹಣೆ ಚಚ್ಚಿಕೊಂಡಳು. ಅವನು ತನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನನ್ನ ಕೈಯೇ ಅಲ್ಲ ಎನ್ನುವ ಹಾಗೆ ಭುಜ ಹಾರಿಸಿದ. ಅವಳು ಒಲೆಯ ಮೇಲಿನ ಪಾತ್ರೆ ತೋರಿಸಿ, ಇವತ್ತು ನಿನಗೆ ಊಟವಿಲ್ಲ ಎಂದು ಕೈಯಾಡಿಸಿದಳು. ಅವನು ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, ಸತ್ತುಹೋದ ತನ್ನ ಅತ್ತೆಯ ಮುಖ ಮಾಡಿ ತೋರಿಸಿದ. ಅವಳ ತಾಯಿ ಸಿಟ್ಟು ಬಂದಾಗ ಥೇಟು ಹಾಗೆಯೇ ಇರುತ್ತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಜಗಳ ಮುಗಿಯಿತು.

ಹೊರಡುವಾಗ ಅವನು ಬಲಗಿವಿಯ ಹಿಂದಿದ್ದ ಯಂತ್ರವನ್ನು ಹೆಬ್ಬೆರಳಲ್ಲಿ ಒತ್ತಿದ. ಜೋರು ಮಾಡಿಕೊಂಡ ಎಂದುಕೊಂಡಳು. "ಕೇಳಿಸ್ತಾ?" ಎಂದು ತುಟಿಯಾಡಿಸಿದಳು. ಅವನು ಚೆನ್ನಾಗಿ ಕೇಳಿಸಿತು ಎಂದು ತಲೆಯಾಡಿಸಿದ. ಕೇಳಿಸಿ ತಲೆಯಾಡಿಸಿದ್ದಲ್ಲ, ತುಟಿ ಓದಿ ಆಡಿಸಿದ್ದು. ಅದು ಅವಳಿಗೆ ಆಗ ಹೊಳೆಯಲಿಲ್ಲ. ಊಟದ ಡಬ್ಬಿ ಕೊಟ್ಟಳು. ಅವನು ಹೋದ.

ಅವನು ಷೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವವನು. ಅವಳು ಅಲ್ಲೇ ಕಂಡಿಕೆಗೆ ನೂಲು ಸುತ್ತುವವಳು, ಎರಡನೇ ಪಾಳಿ. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಜಾಗ ಅದು. ಪಕ್ಕದಲ್ಲೇ ಸಿಡಿಲು ಹೊಡೆದರೂ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿನ ಜನ ತುಟಿ ನೋಡಿ ಓದುತ್ತಾರೆ, ಕೈಯಲ್ಲಿ ಬೈಯುತ್ತಾರೆ, ಹುಬ್ಬಿನಲ್ಲಿ ನಗುತ್ತಾರೆ. ವಯಸ್ಸು ಇಳಿದ ಮೇಲೆ ಕಿವಿ ಮಂದವಾಗದ ಒಬ್ಬರೂ ಅಲ್ಲಿ ಇಲ್ಲ. ಅವಳಿಗೆ ಅರ್ಧ ಹೋಗಿತ್ತು. ಅವನಿಗೆ ಮುಕ್ಕಾಲು ಹೋಗಿತ್ತು.

ಅದಕ್ಕೇ ಷೆಡ್ಡಿಗೆ ಒಂದು ಕಟ್ಟಳೆ ಇತ್ತು. ಯಾರೂ ಬರೆದು ಗೋಡೆಗೆ ಹಚ್ಚಿದ್ದಲ್ಲ. ಬೆನ್ನು ತಟ್ಟದೆ ಚಕ್ರ ತಿರುಗಿಸಬಾರದು. ರಿಪೇರಿಗೆ ಯಾರಾದರೂ ಮಗ್ಗದ ಕೆಳಗೆ ತೂರಿದ್ದರೆ, ಗುಂಡಿ ಒತ್ತುವ ಮೊದಲು ಹೋಗಿ ಅವನ ಬೆನ್ನು ತಟ್ಟಬೇಕು, ಅವನು ತಿರುಗಿ ನೋಡಬೇಕು. ಅಂಗಳದಲ್ಲಿ ನೂಲಿನ ಲಾರಿ ಹಿಂದಕ್ಕೆ ಬರುವುದಿದ್ದರೂ ಅಷ್ಟೇ. ಡ್ರೈವರು ಇಳಿಯಬೇಕು, ಹಿಂದೆ ನಿಂತವನ ಬೆನ್ನು ತಟ್ಟಬೇಕು, ಮತ್ತೆ ಹತ್ತಬೇಕು. ಹೊಸದಾಗಿ ಸೇರಿದವರು ನಗುತ್ತಿದ್ದರು. ಹಳಬರು ಕೆನ್ನೆಗೆ ಕೊಟ್ಟು ಕಲಿಸುತ್ತಿದ್ದರು.

ಆ ದಿನ ಡ್ರೈವರು ಇಳಿಯಲಿಲ್ಲ.

ಅವನು ಹೊಸಬನಲ್ಲ. ಅವಳ ಗಂಡನ ಜೊತೆ ಒಂದೇ ಬೀಡಿ ಹಂಚಿಕೊಂಡು ಸೇದಿದವನು. ಮಾರನೆಯ ದಿನ ಬಂದು ಬಾಗಿಲ ಬಳಿ ಕುಕ್ಕರಿಸಿ ಕೂತ. ಅವನ ಬಾಯಿ ನಡುಗುತ್ತಿದ್ದುದರಿಂದ ತುಟಿ ಓದಲು ಅವಳಿಗೆ ಕಷ್ಟವಾಯಿತು. ಪಕ್ಕದ ಕೋಣೆಯ ನಾದಿನಿ ಅವಳ ಮುಖದ ಮುಂದೆ ನಿಂತು ಒಂದೊಂದೇ ಮಾತನ್ನು ದಾಟಿಸಿದಳು.

"ಕೂಗಿದೆ ಅಕ್ಕಾ. ಎರಡು ಸಲ ಕೂಗಿದೆ. ಕಿವೀಲಿ ಮಷೀನಿತ್ತಲ್ಲ, ಕಣ್ಣಾರೆ ನೋಡಿದೆ. ಕೇಳಿಸ್ತು ಅಂದ್ಕೊಂಡೆ. ಇಲ್ದಿದ್ರೆ ಇಳೀತಿದ್ದೆ. ನನ್ನ ಮಕ್ಕಳ ಮೇಲಾಣೆ, ಇಳೀತಿದ್ದೆ."

ಅವಳು ಅವನನ್ನು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಕೈಯಿಂದ ಬಾಗಿಲು ತೋರಿಸಿದಳು. ಅವನು ಎದ್ದು ಹೋದ.

ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಅಂಗಿ ಇತ್ತು, ಚಪ್ಪಲಿ ಇತ್ತು, ಆ ಯಂತ್ರ ಇತ್ತು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಾದಿನಿ ಅದನ್ನು ಬೆಳಕಿಗೆ ಹಿಡಿದಳು. ಅವಳದು ಇಸ್ತ್ರಿ ಅಂಗಡಿ. ಬಟ್ಟೆಯ ಒಂದು ಎಳೆ ಸುಟ್ಟರೂ ಅವಳ ಕಣ್ಣಿಗೆ ಬೀಳುತ್ತಿತ್ತು.

"ಅತ್ತಿಗೆ, ಇದು ಆಫ್ ಆಗಿದೆ."

"ಬಿದ್ದಾಗ ಆಗಿರ್ಬೇಕು."

"ಇಲ್ಲ. ಈ ಗುಂಡಿ ಬಿಗಿ ಇದೆ, ಒತ್ತಿದ್ರೇ ಹೋಗೋದು. ನೋಡು, ಗ್ರೀಸು. ಅಣ್ಣನ ಹೆಬ್ಬೆರಳಿಂದು."

ಆಗ ಅವಳಿಗೆ ಬಾಗಿಲಲ್ಲಿ ನಿಂತು ಕಿವಿಯ ಹಿಂದೆ ಒತ್ತಿಕೊಂಡ ಗಂಡ ಕಣ್ಣಿಗೆ ಬಂದ. ಜೋರು ಮಾಡಿಕೊಂಡದ್ದಲ್ಲ. ದಿನವೂ ಮನೆ ಬಿಡುವಾಗ ಆರಿಸಿಕೊಳ್ಳುತ್ತಿದ್ದ. ಕಿವಿಯಿಂದ ತೆಗೆದಿಡುವುದಕ್ಕೆ ಮಾತ್ರ ಮನಸ್ಸು ಬಂದಿರಲಿಲ್ಲ. ಯಂತ್ರ ಬಂದಾಗ ಅವಳು ಪಟ್ಟ ಸಂಭ್ರಮ ಅವನು ನೋಡಿದ್ದ.

ಯಂತ್ರ ಕೊಟ್ಟವನು ಬೀದಿಯ ತಿರುವಿನ ಕನ್ನಡಕದವನು. ಅವನ ಅಂಗಡಿಯಲ್ಲಿ ಕನ್ನಡಕ, ಕೈಗಡಿಯಾರ, ಟಾರ್ಚು ಎಲ್ಲವೂ ಇದ್ದವು. ಕಿವಿಯ ಯಂತ್ರ ಗಡಿಯಾರಗಳ ಪಕ್ಕದಲ್ಲಿ, ಗಾಜಿನ ಕೆಳಗೆ. ಗಂಡ ಹೆಂಡತಿ ಹೋದಾಗ ಅವನು ಒಂದು ಡಬ್ಬಿ ತೆಗೆದ, ಗಂಡನ ಕಿವಿಗೆ ತುರುಕಿದ, ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಗಂಡ ಬೆಚ್ಚಿಬಿದ್ದ. "ನೋಡಿದ್ರಾ! ಕೇಳಿಸ್ತು!" ಎಂದು ಕನ್ನಡಕದವನು ನಕ್ಕ. ಅದೇ ಪರೀಕ್ಷೆ, ಅದೇ ಫಲಿತಾಂಶ. ಷೆಡ್ಡಿನ ಜನಕ್ಕೆ ಗದ್ದಲವೇ ಗಾಳಿಯಿದ್ದ ಹಾಗೆ. ಕಿವಿಯೊಳಗೆ ಷೆಡ್ಡಿನಷ್ಟೇ ಗದ್ದಲ ಎದ್ದರೆ ಯಂತ್ರ ಸರಿಯಾಗಿದೆ ಎಂದೇ ಅವರ ಲೆಕ್ಕ. ಇನ್ನೂ ಜೋರು ಮಾಡು ಎಂದು ಗಂಡನೇ ಕೈಸನ್ನೆ ಮಾಡಿದ್ದ. ಅವನು ಮಾಡಿಕೊಟ್ಟಿದ್ದ.

ಮನೆಗೆ ಬಂದ ಮೇಲೆ ಗಂಡ ಆಗಾಗ ತಲೆ ಹಿಡಿದುಕೊಳ್ಳುತ್ತಿದ್ದ. "ಒಳಗೆ ಯಾರೋ ಸೀಟಿ ಊದ್ತಾರೆ ಕಣೇ" ಎನ್ನುತ್ತಿದ್ದ. ಅವಳು ಹತ್ತಿರ ಕಿವಿಯಿಟ್ಟು ಕೇಳಿದಳು. ಏನೂ ಇಲ್ಲ. "ನಿನ್ನ ತಲೇನೇ ಖಾಲಿ, ಗಾಳಿ ನುಗ್ತಿದೆ" ಎಂದು ನಗಾಡಿದ್ದಳು.

ಊರಿನವರೆಲ್ಲ ಬಂದು ಹೋದ ಮೇಲೆ ಅವಳು ಒಬ್ಬಳೇ ಆ ಅಂಗಡಿಗೆ ಹೋದಳು. ಯಂತ್ರವನ್ನು ಗಾಜಿನ ಮೇಲೆ ಇಟ್ಟಳು. "ನನ್ನ ಗಂಡ ಸತ್ತ. ಇದು ಆಫ್ ಆಗಿತ್ತು. ಯಾಕೆ ಆಫ್ ಮಾಡ್ಕೊಂಡ, ನೀನು ಹೇಳು" ಎಂದಳು. ಅವನು ಯಂತ್ರ ನೋಡಿದ, ಅವಳನ್ನು ನೋಡಿದ. ಆಮೇಲೆ ಮುಖ ಆ ಕಡೆ ತಿರುಗಿಸಿ, ಗಡಿಯಾರ ರಿಪೇರಿ ಮಾಡುತ್ತಿದ್ದ ತನ್ನ ಭಾವಮೈದನಿಗೆ ಏನೋ ಹೇಳಿದ. ಮುಖ ತಿರುಗಿದರೆ ತುಟಿ ಕಾಣುವುದಿಲ್ಲ. ತುಟಿ ಕಾಣದಿದ್ದರೆ ಅವಳಿಗೆ ಮಾತಿಲ್ಲ. ಭಾವಮೈದನ ನಕ್ಕದ್ದು ಮಾತ್ರ ಕಂಡಿತು. ಇವನ ಬೆನ್ನೂ ಕುಲುಕಿತು.

ಅವಳು ಯಂತ್ರ ತೆಗೆದುಕೊಂಡು ಮನೆಗೆ ಬಂದಳು. ಗಂಡ ಸತ್ತಾಗಲೂ ಹಾಗೆ ಉರಿದಿರಲಿಲ್ಲ.

"ಅವನು ಏನಂದ ಅಂತ ನಂಗೆ ಗೊತ್ತಾಗ್ಬೇಕು" ಎಂದಳು ನಾದಿನಿಗೆ.

"ಅಂದಿರ್ತಾನೆ ಏನೋ. ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ, ಬಿಡು."

"ನಾಯಿ ಬೊಗಳಿದ್ದೂ ಕೇಳಿಸ್ಲಿಲ್ವಲ್ಲ ನಂಗೆ. ನಾನು ಕಿವುಡಿ ಅಂತ ನನ್ನ ಮುಂದೇನೇ ನಕ್ಕ. ನಂಗೆ ಕಿವಿ ಬೇಕು. ಅವನ ಮುಂದೆ ಹೋಗಿ ಕೂತು ಎಲ್ಲಾನೂ ಕೇಳಿಸ್ಕೋಬೇಕು. ಪರೀಕ್ಷೆ ಮಾಡಿಲ್ಲ ಅಂತ ಅವನ ಬಾಯಿಂದಲೇ ಬರ್ಬೇಕು. ಅಲ್ಲಿವರೆಗೂ ನಾನು ಸಾಯಲ್ಲ."

ನಾದಿನಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. ಸತ್ತವನು ಅವಳಿಗೂ ಅಣ್ಣ. "ನಡಿ ಹಾಗಾದ್ರೆ, ಕಿವಿ ಹುಡುಕೋಣ" ಎಂದಳು.

ಕಿವಿ ಹುಡುಕುವುದು ಕಳೆದುಹೋದ ಮೇಕೆ ಹುಡುಕಿದ ಹಾಗೆ. ಕೇಳಿದವರೆಲ್ಲ ಒಂದೊಂದು ದಿಕ್ಕು ತೋರಿಸಿದರು. ಬಸ್ ನಿಲ್ದಾಣದ ಬಳಿ ತಟ್ಟೆಯಲ್ಲಿ ಬಾಚಣಿಗೆ, ಬೀಗ, ಕಿವಿಯ ಯಂತ್ರ ಹರಡಿಕೊಂಡು ಕೂತವನೊಬ್ಬ "ಎಡಗಿವಿಗೆ ಬೇಕಾ, ಬಲಗಿವಿಗೆ ಬೇಕಾ, ಎಲ್ಲಾ ಒಂದೇ ತಾಯಿ" ಎಂದ. ನಾದಿನಿ ಅವನಿಗೆ "ನಿನ್ನ ಎರಡು ಕಣ್ಣಿಗೂ ಒಂದೇ ಗುದ್ದು ಸಾಕಾ?" ಎಂದು ಕೇಳಿ ಮುಂದೆ ನಡೆದಳು. ತಂಪು ಗಾಳಿ ಬೀಸುವ ದೊಡ್ಡ ಅಂಗಡಿಯೊಂದರಲ್ಲಿ ಟೈ ಕಟ್ಟಿದ ಹುಡುಗಿ ನೀರು ಕೊಟ್ಟಳು, ನಗುನಗುತ್ತಾ ಬೆಲೆ ಹೇಳಿದಳು. ಇಬ್ಬರೂ ನೀರು ಕುಡಿದು ಎದ್ದು ಬಂದರು. ಕಿವಿ-ಮೂಗು-ಗಂಟಲು ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಕೊಳೆ ತೆಗೆದು, "ಇದು ಔಷಧಿಗೆ ಬರುವಂಥದ್ದಲ್ಲ, ಒಳಗಿನ ನರ ಸವೆದಿದೆ. ಸರಕಾರಿ ಆಸ್ಪತ್ರೆ ಹಿಂದೆ ಕಿವಿ ಪರೀಕ್ಷೆ ಕೋಣೆ ಇದೆ, ಅಲ್ಲಿ ಹೋಗಿ" ಎಂದರು. ಇಷ್ಟು ವರ್ಷ ಅದೇ ಆಸ್ಪತ್ರೆಯ ಮುಂದೆಯೇ ಷೆಡ್ಡಿಗೆ ನಡೆದು ಹೋಗುತ್ತಿದ್ದಳು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ.

ಆ ಕೋಣೆ ಬಟ್ಟೆ ಒಗೆಯುವ ಜಾಗ ದಾಟಿ, ಸಾಮಾನು ಕೋಣೆಗೆ ಅಂಟಿಕೊಂಡು ಇತ್ತು. ಬಾಗಿಲು ಗೋಡೆಯಷ್ಟು ದಪ್ಪ. ಒಳಗೆ ಪರೀಕ್ಷೆ ಮಾಡುವ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಎಲ್ಲರನ್ನೂ ಗದರುವ ಗಂಟಲು. ಮೊದಲ ದಿನವೇ ನಾದಿನಿ ಅವಳಿಗೆ ಕಿವಿ ಟೀಚರು ಎಂದು ಹೆಸರಿಟ್ಟಳು.

ಟೀಚರು ಅವಳ ತಲೆಗೆ ಮೆತ್ತನೆ ಬಟ್ಟಲುಗಳನ್ನು ಹಾಕಿ, ಕೈಗೆ ಗುಂಡಿ ಕೊಟ್ಟು, "ಸದ್ದು ಕೇಳಿಸಿದಾಗ ಮಾತ್ರ ಒತ್ತಿ. ಎಷ್ಟು ಸಣ್ಣದಾದ್ರೂ ಸರಿ" ಎಂದರು. ಗಾಜಿನ ಆಚೆ ಕೂತು ಯಂತ್ರ ತಿರುಗಿಸಿದರು. ಅವಳು ಒತ್ತಿದಳು. ಮತ್ತೆ ಒತ್ತಿದಳು. ಒಂದೂ ಬಿಡಲಿಲ್ಲ. ಟೀಚರು ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. ಎದ್ದು ಬಂದರು.

"ಷೆಡ್ಡಿನವರಾ?"

"ಹೂಂ."

"ಅದಕ್ಕೇ. ನಾನು ಗುಂಡಿ ತಿರುಗಿಸುವಾಗ ನನ್ನ ಭುಜ ಅಲ್ಲಾಡೋದು ನೋಡಿ ಒತ್ತಿದೀರಿ. ಷೆಡ್ಡಿನೋರೆಲ್ಲ ಇದೇ ಮಾಡ್ತೀರಿ. ಕಣ್ಣಲ್ಲಿ ಕೇಳಿಸ್ಕೊಳ್ಳೋ ಜನ."

ಅವಳ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು. ಈಗ ಎದುರಿಗೆ ಬಿಳಿ ಗೋಡೆ ಬಿಟ್ಟು ಬೇರೇನೂ ಇಲ್ಲ. ಅವಳು ಕಾದಳು. ಬಹಳ ಹೊತ್ತು ಕಾದಳು. ಗುಂಡಿಯ ಮೇಲಿನ ಬೆರಳು ಬೆವರಿತು. ದಪ್ಪ ಸದ್ದು ಒಂದಷ್ಟು ಬಂದವು. ಆಮೇಲೆ ಏನೂ ಬರಲಿಲ್ಲ. ಟೀಚರು ಸದ್ದು ಕಳಿಸುತ್ತಲೇ ಇದ್ದರಂತೆ.

ಕಾಗದದ ಮೇಲಿನ ಗೆರೆ ಎಡದಿಂದ ಸ್ವಲ್ಪ ದೂರ ನೆಟ್ಟಗೆ ಬಂದು, ಆಮೇಲೆ ಬಾವಿಗೆ ಹಗ್ಗ ಬಿಟ್ಟಂತೆ ಇಳಿದಿತ್ತು. "ದಪ್ಪ ದನಿ ಕೇಳಿಸುತ್ತೆ. ಸಣ್ಣ ದನಿ, ಸೀಟಿ, ಗೆಜ್ಜೆ, ಹಕ್ಕಿ, ಇವು ಕೇಳಿಸಲ್ಲ. ನಿಮಗೆ ಎಲ್ಲ ಸದ್ದೂ ಜೋರು ಮಾಡಿದ್ರೆ ಪ್ರಯೋಜನ ಇಲ್ಲ. ಎಲ್ಲಿ ಬಿದ್ದಿದೆಯೋ ಅಲ್ಲಿ ಮಾತ್ರ ಎತ್ತಬೇಕು" ಎಂದರು ಟೀಚರು.

ಅವಳು ಗಂಡನ ಯಂತ್ರ ಮುಂದಿಟ್ಟಳು. ಟೀಚರು ಕೈಯಲ್ಲಿ ತಿರುಗಿಸಿ ನೋಡಿದರು. "ಪರೀಕ್ಷೆ ಯಾರು ಮಾಡಿದ್ರು?"

"ಯಾರೂ ಇಲ್ಲ. ಚಪ್ಪಾಳೆ ತಟ್ಟಿದ."

"ಇದು ಕೇಳಿದ್ದನ್ನೆಲ್ಲ ಜೋರು ಮಾಡೋ ಡಬ್ಬಿ, ಅಷ್ಟೇ. ತುದಿ ಅವರ ಕಿವಿಗೆ ಕೂತಿಲ್ಲ. ಕೂರದಿದ್ರೆ ಹೊರಬಿದ್ದ ಸದ್ದು ಮತ್ತೆ ಒಳಗೇ ನುಗ್ಗಿ ಸೀಟಿ ಹೊಡೆಯುತ್ತೆ. ಕಿವಿಯೊಳಗೇ. ಯಾರಿಗೂ ತಡ್ಕೊಳ್ಳೋಕಾಗಲ್ಲ. ಯಾರೇ ಆದ್ರೂ ಆಫ್ ಮಾಡ್ಕೊತಾರೆ."

ಅವಳು ಯಂತ್ರವನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಕಿವಿಗೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಅಚ್ಚು ತೆಗೆದರು. ಸರಕಾರದ ಯಂತ್ರ ಬರುವುದಕ್ಕೆ ಕಾಯಬೇಕಾಯಿತು. ಬಂದ ಮೇಲೆ ಟೀಚರು ಎರಡೂ ಕಿವಿಗೆ ಕೂರಿಸಿ, ಗೆರೆ ನೋಡಿಕೊಂಡು ಹೊಂದಿಸಿ, "ಮೊದಲು ಮನೇಲಿ, ಸದ್ದಿಲ್ಲದ ಕೋಣೇಲಿ, ಸ್ವಲ್ಪ ಸ್ವಲ್ಪ ಹೊತ್ತು ಹಾಕ್ಕೊಳ್ಳಿ. ಷೆಡ್ಡಿಗೆ ಬೇಡವೇ ಬೇಡ. ಅಲ್ಲಿಗೆ ಬೇರೆ, ಸದ್ದು ತಡೆಯೋ ಬಿರಡೆ ಕೊಡ್ತೀನಿ" ಎಂದರು.

ಮೊದಲ ದಿನ ಅವಳ ಸ್ವಂತ ಮಾತೇ ಕೊಡದೊಳಗೆ ತಲೆ ಹಾಕಿ ಆಡಿದ ಹಾಗೆ ಕೇಳಿಸಿತು. ಚಮಚ ತಟ್ಟೆಗೆ ತಗುಲಿದರೆ ಹಲ್ಲಿಗೆ ಉಳಿ ಹೊಡೆದಂತಾಗುತ್ತಿತ್ತು. ನಲ್ಲಿ ತಿರುಗಿಸಿದರೆ ಮನೆಗೆ ಹೊಳೆ ನುಗ್ಗಿದ ಹಾಗೆ. ಯಾರೋ ಹಿಂದೆ ಹಿಂದೆಯೇ ಕಾಲೆಳೆದುಕೊಂಡು ಬರುತ್ತಿದ್ದಾರೆ ಎಂದು ಮತ್ತೆ ಮತ್ತೆ ತಿರುಗಿ ನೋಡಿದಳು. ಅವಳದೇ ಚಪ್ಪಲಿ.

"ತೆಗೆದು ಬಿಸಾಕ್ತೀನಿ ಇದನ್ನ" ಎಂದು ಕಿರುಚಿದಳು.

"ಮೆಲ್ಲಗೆ ಅತ್ತಿಗೆ, ನಾನು ಕಿವುಡಿಯಲ್ಲ" ಎಂದಳು ನಾದಿನಿ. "ಬಿಸಾಕು. ಕನ್ನಡಕದವನು ಲಾಡು ಹಂಚ್ತಾನೆ."

ಅವಳು ಮತ್ತೆ ಹಾಕಿಕೊಂಡಳು. ನೋವಾದಾಗಲೆಲ್ಲ ಕುಲುಕಿದ ಆ ಬೆನ್ನು ನೆನೆದುಕೊಂಡಳು. ಬೇರೆಯವರು ಮೊಮ್ಮಕ್ಕಳ ಮಾತು ಕೇಳಿಸಿಕೊಳ್ಳಲು ಕಿವಿ ಹಾಕಿಕೊಳ್ಳುತ್ತಾರೆ. ಅವಳು ಕತ್ತಿ ಮಸೆಯುವ ಹಾಗೆ ಕಿವಿ ಮಸೆದಳು. ನಾದಿನಿಯನ್ನು ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿ, "ಮಾತಾಡು" ಎನ್ನುತ್ತಿದ್ದಳು. ತಿರುಗಿದ ಬೆನ್ನಿನಿಂದ ಮಾತು ಹಿಡಿಯುವುದನ್ನು ಕಲಿಯಬೇಕಿತ್ತು. ನಾದಿನಿಗೆ ಮಾತು ಸಿಗದಾಗ ಬೀದಿಯವರನ್ನೆಲ್ಲ ಸಾಲಾಗಿ ಬೈಯುತ್ತಿದ್ದಳು. ಅವಳು ಒಂದೊಂದನ್ನೂ ತಿರುಗಿ ಹೇಳುತ್ತಿದ್ದಳು. ತಪ್ಪಿದ್ದನ್ನು ನಾದಿನಿ ಮತ್ತೆ ಬೈಯುತ್ತಿದ್ದಳು. ಬೈಗುಳದಲ್ಲೇ ಅವಳ ಕಿವಿ ತೆರೆಯಿತು. ನಡುನಡುವೆ ಟೀಚರ ಹತ್ತಿರ ಹೋಗಿ, ಇದು ಚುಚ್ಚುತ್ತದೆ, ಅದು ಗುಂಯ್‌ಗುಡುತ್ತದೆ ಎಂದು ಹೇಳಿ ಹೊಂದಿಸಿಕೊಂಡು ಬಂದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ತಗಡಿನ ಡಬ್ಬಿಯಿಂದ ಗಂಡನ ಯಂತ್ರ ತೆಗೆದಳು. ಹೊಸ ಸೆಲ್ಲು ಹಾಕಿದಳು, ಗುಂಡಿ ಒತ್ತಿದಳು, ಮುಷ್ಟಿಯಲ್ಲಿ ಮುಚ್ಚಿ ಹಿಡಿದಳು.

ಸೀಟಿ.

ಸೂಜಿಯ ಹಾಗೆ, ನಿಲ್ಲದೆ, ಉಸಿರೂ ತೆಗೆದುಕೊಳ್ಳದೆ. ಇಷ್ಟು ದಿನ ಈ ಮನೆಯಲ್ಲೇ ಇತ್ತು, ಅವನ ತಲೆಯೊಳಗೆ, ಅವಳು ಹತ್ತಿರ ಕಿವಿಯಿಟ್ಟಾಗಲೂ ಇತ್ತು. ಅವಳಿಗೇ ಕೇಳಿಸಿರಲಿಲ್ಲ. ಅವಳು ಮುಷ್ಟಿ ಬಿಚ್ಚಿದಳು, ನಿಂತಿತು. ಮುಚ್ಚಿದಳು, ಕೂಗಿತು. ನೆಲದ ಮೇಲೆ ಕೂತು ಗಂಡ ಸತ್ತ ದಿನ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಕಣ್ಣೊರೆಸಿಕೊಂಡು ಎದ್ದಾಗ ಅಳು ಮುಗಿದಿತ್ತು, ಕಿಚ್ಚು ಮುಗಿದಿರಲಿಲ್ಲ.

ಷೆಡ್ಡಿನ ರಜೆಯ ಹಿಂದಿನ ಸಂಜೆ ಬೀದಿ ತುಂಬಿರುತ್ತದೆ. ಅಂಥ ಸಂಜೆಯೇ ಅವಳು ಹೊರಟಳು. ನೂಲಿನ ಧೂಳಿಗೆ ಕಟ್ಟಿಕೊಳ್ಳುವ ಬಟ್ಟೆಯನ್ನು ಕಿವಿ ಮುಚ್ಚುವ ಹಾಗೆ ತಲೆಗೆ ಕಟ್ಟಿಕೊಂಡಳು. ನಾದಿನಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಳು. ಅವಳು ಒಳಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತಳು.

ಕನ್ನಡಕದವನು ನಿವೃತ್ತ ಬಸ್ ಡ್ರೈವರೊಬ್ಬನಿಗೆ ಡಬ್ಬಿ ತೆರೆದು, ಯಂತ್ರ ಕಿವಿಗೆ ಹಾಕಿ ತೋರಿಸುತ್ತಿದ್ದ. ಅದೇ ಡಬ್ಬಿ, ಅದೇ ಬಣ್ಣ. ಡ್ರೈವರನ ಹೆಂಡತಿ ಅನುಮಾನದಿಂದ ನೋಡುತ್ತಿದ್ದಳು.

"ಪರೀಕ್ಷೆ ಗಿರೀಕ್ಷೆ ಏನೂ ಬೇಡ್ವಾ?"

"ಬೇಡ ತಾಯಿ. ಇದಕ್ಕೇನು ಕನ್ನಡಕದ ಥರ ನಂಬರಿರುತ್ತಾ? ಜೋರಾಗಿ ಕೇಳಿಸಿದ್ರೆ ಆಯ್ತು. ಷೆಡ್ಡಿನೋರಿಗೆ ಎಷ್ಟು ಕೊಟ್ಟಿದೀನಿ. ಒಬ್ರೂ ವಾಪಸ್ ಬಂದಿಲ್ಲ."

ಒಂದೊಂದು ಮಾತೂ ಅವಳ ಕಿವಿಗೆ ಬಿತ್ತು. ಅವಳು ಕದಲಲಿಲ್ಲ.

ಭಾವಮೈದನ ಗಡಿಯಾರದಿಂದ ತಲೆಯೆತ್ತಿದ. "ಈಯಮ್ಮ ಆಗ್ಲಿಂದ ಕೂತಿದಾಳೆ."

ಕನ್ನಡಕದವನು ಮುಖ ತಿರುಗಿಸಿಕೊಂಡು, ಹಿಂದಿನ ಸಲದ ಹಾಗೆಯೇ, ಹೇಳಿದ: "ಯಾವ್ದೋ ಕಿವುಡಿ. ಕೂತಿರ್ಲಿ, ಬೇಜಾರಾದ್ರೆ ಎದ್ದು ಹೋಗ್ತಾಳೆ."

"ಆ ಲಾರಿ ಕೆಳಗೆ ಸಿಕ್ಕವನ ಹೆಂಡ್ತಿ ಅಲ್ವಾ?"

"ಯಾವ ಲಾರಿ? ಯಾರು ನೆನಪಿಟ್ಕೋತಾರೆ. ಕಿವುಡ್ರಿಗೆ ಯಂತ್ರ ಕೊಡಬಹುದು, ಬುದ್ಧಿ ಎಲ್ಲಿಂದ ಕೊಡೋದು?"

ಭಾವಮೈದನ ನಕ್ಕ. ಕನ್ನಡಕದವನ ಬೆನ್ನು ಕುಲುಕಿತು.

ಅವಳು ಎದ್ದಳು. ಹಿಂದಿನಿಂದ ಹೋಗಿ, ಷೆಡ್ಡಿನ ಕಟ್ಟಳೆಯಂತೆ, ಅವನ ಬೆನ್ನು ತಟ್ಟಿದಳು. ಅವನು ತಿರುಗಿದ. ತಲೆಯ ಬಟ್ಟೆ ಬಿಚ್ಚಿದಳು. ಎರಡೂ ಕಿವಿಯಲ್ಲಿದ್ದ ಯಂತ್ರವನ್ನು ಅವನು ನೋಡಿದ.

"ನನ್ನ ಗಂಡ ವಾಪಸ್ ಬಂದಿಲ್ಲ" ಎಂದಳು.

ಅದು ಷೆಡ್ಡಿನ ದನಿ. ಮಗ್ಗಗಳ ಮೇಲಿಂದ ಹಾರಿ ಆಚೆ ಗೋಡೆ ಮುಟ್ಟುವ ದನಿ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

ಅವನು ನಗು ತಂದುಕೊಂಡ. "ಅಮ್ಮಾ, ಅದು ನಿಮ್ಮ ಯಜಮಾನ್ರು ಆಫ್ ಮಾಡ್ಕೊಂಡಿದ್ದು. ಅದಕ್ಕೆ ನಾನೇನು..."

"ಯಾವ ಲಾರಿ ಅಂದೆ ಈಗ. ಆಫ್ ಆಗಿತ್ತು ಅಂತ ಹೇಗೆ ಗೊತ್ತು ನಿಂಗೆ? ಅವತ್ತು ಇದೇ ಗಾಜಿನ ಮುಂದೆ ನಾನೇ ಹೇಳಿದ್ದೆ. ನಿಂಗೆ ಎಲ್ಲಾ ನೆನಪಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯಾಯಿತು. ಮೆಟ್ಟಿಲ ಮೇಲಿಂದ ನಾದಿನಿ, "ಬುದ್ಧಿ ಎಲ್ಲಿ ಸಿಗುತ್ತೆ ಅಂತ ಕೇಳ್ತಿದ್ಯಲ್ಲ, ಸ್ವಲ್ಪ ನೀನೂ ತರಿಸ್ಕೋ" ಎಂದಳು. ಯಾರೋ ನಕ್ಕರು.

ಅವಳು ಗಂಡನ ಯಂತ್ರ ತೆಗೆದು ಮುಷ್ಟಿಯಲ್ಲಿ ಮುಚ್ಚಿದಳು. ಅದು ಕೂಗಿತು. ಬಸ್ ಡ್ರೈವರನ ಹೆಂಡತಿ ಕಿವಿ ಮುಚ್ಚಿಕೊಂಡಳು. ಅವಳು ಕೂಗುವ ಮುಷ್ಟಿಯನ್ನು ಕನ್ನಡಕದವನ ಮುಖಕ್ಕೆ ಹಿಡಿದಳು.

"ಹಾಕ್ಕೋ. ಕಿವಿಯೊಳಗೆ ಹಾಕ್ಕೋ. ಆಫ್ ಮಾಡ್ದೆ ಎಷ್ಟು ಹೊತ್ತು ಇರ್ತೀಯ, ನಾವೂ ನೋಡ್ತೀವಿ."

ಅವನು ಹಿಂದೆ ಸರಿದ. ಹಿಂದೆ ಗಡಿಯಾರಗಳ ಗೋಡೆ.

"ಪರೀಕ್ಷೆ ಮಾಡಿದ್ಯಾ ಅವನ ಕಿವೀನ?"

ಅವನು ಏನೋ ಗೊಣಗಿದ.

"ಜೋರಾಗಿ ಹೇಳು. ನಾನು ಕಿವುಡಿ ಅಲ್ವಾ?"

"ಮಾಡಿಲ್ಲ!"

"ಬರುತ್ತಾ ನಿಂಗೆ ಪರೀಕ್ಷೆ ಮಾಡೋಕೆ?"

"ಬರಲ್ಲ! ನಂದು ಕನ್ನಡಕದ ಅಂಗಡಿ!"

ಬೀದಿ ಕೇಳಿಸಿಕೊಂಡಿತು. ಬಸ್ ಡ್ರೈವರು ತನ್ನ ಕಿವಿಯಿಂದ ಡಬ್ಬಿಯ ಯಂತ್ರ ತೆಗೆದು ಗಾಜಿನ ಮೇಲೆ ಇಟ್ಟ. ಅವನ ಹೆಂಡತಿ ಇವಳ ತೋಳು ಹಿಡಿದು, "ನೀವು ಎಲ್ಲಿ ಮಾಡಿಸಿದ್ರಿ, ಅದನ್ನ ಹೇಳಿ" ಎಂದಳು.

ಕೇಳಬೇಕೆಂದುಕೊಂಡ ಮಾತು ಕೇಳಿಸಿತು. ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಮನೆಗೆ ಬಂದಾಗ ಗ್ರೀಸಿನ ಬೆರಳು ಮೂಡಿದ್ದ ಟವೆಲ್ಲು ಗೂಟದ ಮೇಲೆ ಹಾಗೆಯೇ ತೂಗುತ್ತಿತ್ತು. ಕನ್ನಡಕದವನು ಅಂಗಡಿಯನ್ನೂ ಮುಚ್ಚಲಿಲ್ಲ. ಕೆಲವು ದಿನ ಕಿವಿಯ ಯಂತ್ರಗಳು ಗಾಜಿನ ಕೆಳಗಿಂದ ಮಾಯವಾದವು, ಆಮೇಲೆ ಟಾರ್ಚುಗಳ ಹಿಂದೆ ಮೆಲ್ಲಗೆ ಬಂದು ಕೂತವು.

"ಇನ್ನೂ ಎಷ್ಟು ದಿನ ಅತ್ತಿಗೆ ಈ ಹಟ? ಅವನು ಒಪ್ಕೊಂಡ್ನಲ್ಲ."

"ಒಪ್ಕೊಂಡ. ಸತ್ತವನು ಎದ್ದು ಬಂದ್ನಾ?"

"ಎಂದೂ ಬರಲ್ವಲ್ಲ."

"ಹಾಗಾದ್ರೆ ಅವನಿಗೂ ಎಂದೂ ಬಿಡುಗಡೆ ಇಲ್ಲ."

ಷೆಡ್ಡಿಗೆ ಹೋಗುವಾಗ ಅವಳು ಕಿವಿ ತೆಗೆದು ಡಬ್ಬಿಗೆ ಹಾಕಿ, ಬಿರಡೆ ತುರುಕಿಕೊಳ್ಳುತ್ತಾಳೆ. ಹೊಸಬರಿಗೆ ಕಲಿಸುವ ಕೆಲಸ ಈಗ ಅವಳದು. ಕಿವಿಯಲ್ಲಿ ಚಿನ್ನದ ಯಂತ್ರ ಇದ್ದರೂ ಬೆನ್ನು ತಟ್ಟಬೇಕು ಎನ್ನುತ್ತಾಳೆ. ಕೆನ್ನೆಗೂ ಕೊಡುತ್ತಾಳೆ. ಲಾರಿ ಡ್ರೈವರು ಈಗ ಅಂಗಳ ಖಾಲಿ ಇದ್ದರೂ ಇಳಿದು ಸುತ್ತು ಹಾಕುತ್ತಾನೆ. ಅವನ ಜೊತೆ ಅವಳು ಇನ್ನೂ ಮಾತಾಡಿಲ್ಲ.

ಷೆಡ್ಡಿನಲ್ಲಿ, ಓಣಿಯಲ್ಲಿ, ಬಸ್ಸಿನಲ್ಲಿ, ಯಾರಾದರೂ "ಹಾಂ? ಹಾಂ?" ಎಂದರೆ ಸಾಕು, ಅವರ ಕೈ ಹಿಡಿದು ಆ ದಪ್ಪ ಬಾಗಿಲ ಕೋಣೆಗೆ ಕರೆದೊಯ್ಯುತ್ತಾಳೆ. ಕಿವಿ ಟೀಚರು "ಒಳ್ಳೇ ಪುಣ್ಯ ಕಟ್ಕೋತಿದೀರಿ" ಎಂದಾಗ, "ಪುಣ್ಯ ಯಾರಿಗೆ ಬೇಕು" ಎಂದಳು. "ಅವನ ಗಿರಾಕೀನ ಒಬ್ಬೊಬ್ಬರನ್ನೇ ಕೀಳ್ತಿದೀನಿ. ಹೇನು ಕಿತ್ತ ಹಾಗೆ."

ಈಗಲೂ ಬೆಳಿಗ್ಗೆ ಮುಖ ತೊಳೆದ ಮೇಲೆ ಒಲೆ ಹಚ್ಚುವುದಿಲ್ಲ. ಮೊದಲು ಕಿಟಕಿಯ ಬಳಿ ಎರಡು ಡಬ್ಬಿ ತೆರೆಯುತ್ತಾಳೆ. ತನ್ನದರ ತುದಿಯನ್ನು ಊದಿ, ಒಣಬಟ್ಟೆಯಿಂದ ಒರೆಸಿ, ಸಣ್ಣ ಕುಂಚದಿಂದ ತೂತು ಬಿಡಿಸಿ, ಕಿವಿಗೆ ಇಡುತ್ತಾಳೆ. ಮನೆ ಒಮ್ಮೆಲೇ ಎದ್ದು ಕೂರುತ್ತದೆ: ನಲ್ಲಿ, ಪಕ್ಕದ ಕೋಣೆಯ ನಾದಿನಿಯ ಕೆಮ್ಮು, ಹಕ್ಕಿ. ಆಮೇಲೆ ಅವನದು. ಎಲ್ಲ ಕಡೆಯೂ ಒರೆಸುತ್ತಾಳೆ, ಗುಂಡಿಯ ಮೇಲಿನ ಗ್ರೀಸೊಂದನ್ನು ಬಿಟ್ಟು. ಸೆಲ್ಲು ಸೋತಿದ್ದರೆ ಹೊಸದು ಹಾಕುತ್ತಾಳೆ. ಗಂಡ ಹೇಳಿದ್ದಷ್ಟೇ ಜೋರಿಗೆ, ಪೂರ್ತಿ ಜೋರಿಗೆ ಇಡುತ್ತಾಳೆ. ಚಪ್ಪಲಿ ಮೆಟ್ಟಿ ತಿರುವಿಗೆ ಹೋಗುತ್ತಾಳೆ. ಕನ್ನಡಕದವನು ಬಗ್ಗಿ ಬೀಗ ತೆಗೆಯುತ್ತಿರುತ್ತಾನೆ, ಅವಳ ಕಡೆ ಬೆನ್ನು. ಅವಳು ಬೆನ್ನು ತಟ್ಟುವುದಿಲ್ಲ. ಸ್ವಲ್ಪ ದೂರದಲ್ಲೇ ನಿಂತು, ಯಂತ್ರವನ್ನು ಅಂಗೈಯಲ್ಲಿಟ್ಟು, ಒಂದೊಂದಾಗಿ ಬೆರಳು ಮಡಚುತ್ತಾಳೆ.